ನಾಯಿಗೆ ಬಂದ ಕಾರ್ಡು, ನನ್ನ ತಮ್ಮನಿಗೆ ಬಾರದ ಕಾರ್ಡು

ಲಸಿಕೆಯ ಸೂಜಿಯನ್ನು ಯಾರು ಹಿಡಿಯಬಹುದು, ಯಾರು ಹಿಡಿಯಬಾರದು ಎಂದು ರಾಜಧಾನಿಯಲ್ಲಿ ಕುಳಿತು ತೀರ್ಮಾನಿಸುವ ಅಧಿಕಾರಿಗಳಿಗೆ,

ಮಾನ್ಯರೇ,

ನನ್ನ ತಮ್ಮ ರೊಕುರೊ ಹುಚ್ಚುನಾಯಿ ರೋಗದಿಂದ ಸತ್ತ. ಹೋದ ವರ್ಷ ಏಪ್ರಿಲ್‌ನಲ್ಲಿ. ಅವನನ್ನು ಸುಟ್ಟು, ಕಡ್ಡಿಗಳಲ್ಲಿ ಮೂಳೆ ಆಯ್ದು, ಬಿಳಿ ಬಟ್ಟೆ ಸುತ್ತಿದ ಮಡಕೆಯನ್ನು ಮನೆಗೆ ತಂದಿಟ್ಟ ಮೂರನೆಯ ದಿನ ಅಂಚೆಯಲ್ಲಿ ಒಂದು ಕಾರ್ಡು ಬಂತು. ರೊಕುರೊನ ನಾಯಿ ಮಾಮೆಗೆ ಹುಚ್ಚುನಾಯಿ ರೋಗದ ಚುಚ್ಚುಮದ್ದು ಹಾಕಿಸುವ ದಿನ ಹತ್ತಿರ ಬಂದಿದೆ, ಮೀನುಗಾರರ ಸಂಘದ ಪಕ್ಕದ ಪಾರ್ಕಿಗೆ ಬೆಳಗ್ಗೆ ಹತ್ತಕ್ಕೆ ಕರೆತನ್ನಿ, ತಪ್ಪಿಸಿದರೆ ಕಾನೂನಿನ ಪ್ರಕಾರ ಶಿಕ್ಷೆಯಿದೆ ಎಂದು ಅದರಲ್ಲಿತ್ತು. ನಾಯಿಯ ಹೆಸರು, ಬಣ್ಣ, ವಯಸ್ಸು, ಒಂದೂ ತಪ್ಪಿರಲಿಲ್ಲ. ಈ ದೇಶದ ಯಾವ ನಾಯಿಗೂ ಅರವತ್ತು ವರ್ಷಗಳಿಗಿಂತ ಹೆಚ್ಚು ಕಾಲದಿಂದ ಬಾರದ ರೋಗಕ್ಕೆ ನಾಯಿಗೆ ವರ್ಷ ವರ್ಷ ಕಾರ್ಡು ಬರುತ್ತದೆ. ಆ ರೋಗ ಇರುವ ನಾಡಿಗೆ ಹೊರಟ ಮನುಷ್ಯನಿಗೆ ಒಂದು ಚೀಟಿಯೂ ಬರುವುದಿಲ್ಲ.

ನನ್ನ ದೂರು ದೊಡ್ಡದಲ್ಲ. ನಮ್ಮ ದ್ವೀಪದಲ್ಲಿ ಆ ರೋಗದ ವಿಷಯ ತಿಳಿದವರು ಒಬ್ಬರಿದ್ದರು. ನನ್ನ ತಮ್ಮ ಹೊರಡುವ ಮೊದಲು ಅವನಿಗೆ ಎಚ್ಚರಿಕೆ ಕೊಟ್ಟವರು ಅವರು. ಬಂದ ಮೇಲೆ ಅವನ ಕೈಯ ಗಾಯವನ್ನು ಬೆಳಕಿಗೆ ಹಿಡಿದು ನೋಡಿದವರೂ ಅವರೇ. ಅವರ ಅಂಗಡಿಯಲ್ಲಿ ತಣ್ಣನೆಯ ಪೆಟ್ಟಿಗೆ ಇದೆ, ಕುರ್ಚಿ ಇದೆ, ಆರು ವರ್ಷ ಕಾಲೇಜಿನಲ್ಲಿ ಓದಿದ ತಲೆ ಇದೆ. ಇಲ್ಲದ್ದು ನಿಮ್ಮ ಅಪ್ಪಣೆ ಒಂದೇ. ಅವರು ಔಷಧಿ ಅಂಗಡಿಯ ಉರಾಬೆ ಸಾನ್. ಔಷಧಿ ಕೊಡುವವರು ಸೂಜಿ ಹಿಡಿಯಬಾರದು ಎಂದು ನೀವು ಅವರ ಕೈ ಕಟ್ಟಿ ಕೂರಿಸಿದ್ದೀರಿ.

ಇದೇ ಮಾತನ್ನು ಹೋದ ಬೇಸಿಗೆಯಲ್ಲಿ ನಿಮಗೆ ಬರೆದಿದ್ದೆ. ಉತ್ತರವೂ ಬಂತು, ಬಹಳ ನಯವಾದ ಉತ್ತರ. ‘ತಮ್ಮ ದುಃಖದಲ್ಲಿ ನಾವೂ ಭಾಗಿಗಳು, ಈ ವಿಷಯವನ್ನು ವಿವಿಧ ಕೋನಗಳಿಂದ ಎಚ್ಚರಿಕೆಯಿಂದ ಪರಿಶೀಲಿಸಲಾಗುವುದು’ ಎಂದಿದ್ದಿರಿ. ಆಮೇಲೆ ಎಂಟು ತಿಂಗಳು ಕಳೆಯಿತು. ನಿಮ್ಮ ಕಚೇರಿಗೆ ಎಷ್ಟು ಕೋನಗಳಿವೆ ಸ್ವಾಮಿ? ನಮ್ಮ ಮನೆಗೆ ನಾಲ್ಕೇ. ನಾಲ್ಕರಲ್ಲಿ ಯಾವುದರಿಂದ ನೋಡಿದರೂ ರೊಕುರೊ ಕೂರುತ್ತಿದ್ದ ಜಾಗ ಖಾಲಿಯಾಗಿಯೇ ಕಾಣುತ್ತದೆ. ಅದಕ್ಕೇ ಈ ಸಲ ಪತ್ರವನ್ನು ನಿಮಗೊಬ್ಬರಿಗೇ ಕಳಿಸುತ್ತಿಲ್ಲ. ಊರಿನ ಸೂಚನೆಗಳನ್ನು ಕಟ್ಟಿ ಮನೆಯಿಂದ ಮನೆಗೆ ದಾಟಿಸುವ ಹಲಗೆಗೆ ಮೊದಲು ಸಿಕ್ಕಿಸಿದೆ. ಕಸದ ದಿನ ಬದಲಾದ ಸೂಚನೆಯ ಕೆಳಗೆ ಇದನ್ನು ಓದಿ ನಲವತ್ತೊಂದು ಮನೆಯವರು ಒಪ್ಪಿಗೆಯೆಂದು ತಮ್ಮ ಹೆಸರಿನ ಮುದ್ರೆ ಒತ್ತಿದ್ದಾರೆ. ಈಗ ಪತ್ರಿಕೆಗೆ ಕೊಡುತ್ತಿದ್ದೇನೆ.

ನಾನು ಓದಿದವಳಲ್ಲ. ಐದನೆಯ ತರಗತಿಗೆ ಶಾಲೆ ಬಿಟ್ಟೆ. ಬಿಡಿಸಿದವನು ಈ ರೊಕುರೊನೇ. ಅವನು ಆರನೆಯ ಕೂಸು, ನಾನು ಎರಡನೆಯವಳು, ಅಮ್ಮ ಕಡಲಿಗೆ ಹೋಗುತ್ತಿದ್ದಳು. ಅವನನ್ನು ಬೆನ್ನಿಗೆ ಕಟ್ಟಿಕೊಂಡೇ ತರಗತಿಯಲ್ಲಿ ಕೂರುತ್ತಿದ್ದೆ. ಅವನು ಅತ್ತರೆ ಮೇಷ್ಟ್ರು ಬಾಗಿಲು ತೋರಿಸುತ್ತಿದ್ದರು. ಒಂದು ದಿನ ಹೊರಗೆ ಹೋದವಳು ಮತ್ತೆ ಒಳಗೆ ಹೋಗಲಿಲ್ಲ. ಅದಕ್ಕಾಗಿ ಅವನನ್ನು ಎಪ್ಪತ್ತು ವರ್ಷ ಬೈದೆ. ‘ನಿನ್ನಿಂದ ನಾನು ದಡ್ಡಿ ಆದೆ ಕಣೋ’ ಎಂದರೆ, ‘ನಿನ್ನ ಬೆನ್ನ ಮೇಲೆ ಕೂತು ನಾನೂ ಐದನೇ ಕ್ಲಾಸು ಓದಿದ್ದೀನಲ್ಲಕ್ಕ, ಪಾಸು ಮಾಡ್ಸು’ ಎನ್ನುತ್ತಿದ್ದ. ಅವನು ಮದುವೆಯಾಗಲಿಲ್ಲ. ದೋಣಿಯ ಎಂಜಿನ್ ರಿಪೇರಿ, ಒಂದು ನಾಯಿ, ಸಂಜೆ ನಮ್ಮ ಮನೆಯಲ್ಲಿ ಊಟ, ಇಷ್ಟೇ ಅವನ ಬದುಕು. ಇದನ್ನೆಲ್ಲ ಏಕೆ ಹೇಳುತ್ತೇನೆಂದರೆ, ನಿಮ್ಮ ಉತ್ತರದಲ್ಲಿ ‘ಅಪರೂಪದ ಒಂದು ಪ್ರಕರಣ’ ಎಂಬ ಮಾತಿತ್ತು. ಆ ಪ್ರಕರಣಕ್ಕೆ ಹಲ್ಲು ಬಂದ ದಿನ ನನಗೆ ನೆನಪಿದೆ.

ಹತ್ತು ವರ್ಷದ ಕೆಳಗೆ ಅವನು ತನ್ನ ಹಳೆಯ ದೋಣಿಯನ್ನು ಮಾರಿದ. ಕೈಯಿಂದ ಕೈಗೆ ದಾಟಿ ಅದು ಫಿಲಿಪ್ಪೀನ್ಸಿನ ನೆಸ್ಟೋರ್ ಎಂಬ ಮೀನುಗಾರನ ಪಾಲಾಯಿತು. ಎಂಜಿನ್ನಿನ ಮೇಲೆ ರೊಕುರೊ ಬಣ್ಣದಲ್ಲಿ ಬರೆದಿದ್ದ ತನ್ನ ಫೋನ್ ನಂಬರ್ ನೋಡಿ ಆ ಮನುಷ್ಯ ಇವನನ್ನು ಹುಡುಕಿ ಹಿಡಿದ. ಇಬ್ಬರಿಗೂ ಒಬ್ಬರ ಭಾಷೆ ಒಬ್ಬರಿಗೆ ಬಾರದು. ಫೋನಿನಲ್ಲಿ ಎಂಜಿನ್ನಿನ ಸದ್ದು ಕೇಳಿಸಿ ಮಾತಾಡಿಕೊಳ್ಳುತ್ತಿದ್ದರು. ಹೋದ ವರ್ಷ ಜನವರಿಯಲ್ಲಿ ಆ ಎಂಜಿನ್ ಪೂರ್ತಿ ಕೆಟ್ಟಿತು. ಎಪ್ಪತ್ತೆರಡು ವರ್ಷದ ಇವನು ಸ್ಪ್ಯಾನರ್ ಚೀಲ ಕಟ್ಟಿಕೊಂಡು ಹೊರಟ.

ಹೊರಡುವ ಮೊದಲು ಬಿ.ಪಿ. ಮಾತ್ರೆಗೆ ಉರಾಬೆ ಸಾನ್ ಅಂಗಡಿಗೆ ಹೋದ. ಮಂಡಿನೋವಿನ ಪಟ್ಟಿ ತರಲು ನಾನೂ ಹೋಗಿದ್ದೆ.

“ಈ ಸಲ ಮಾತ್ರೆಗೆ ಮುಂಚೆನೇ ಬಂದ್ರಲ್ಲ ರೊಕುರೊ ಸಾನ್, ಎಲ್ಲಿಗೆ ಓಡಿಹೋಗ್ತಿದ್ದೀರಿ?” ಎಂದು ಅವರು ಕೇಳಿದರು.

“ಫಿಲಿಪ್ಪೀನ್ಸಿಗೆ. ನನ್ನ ಹಳೇ ಹೆಂಡ್ತಿಗೆ ಅಲ್ಲಿ ಹುಷಾರಿಲ್ಲ.”

“ದೋಣೀನಾ?”

“ಮತ್ತಿನ್ಯಾರು?”

ಉರಾಬೆ ಸಾನ್ ನಗಲಿಲ್ಲ. ಎಲ್ಲಿ ಉಳಿಯುತ್ತೀರಿ, ನೀರು ಎಲ್ಲಿಯದು, ಸೊಳ್ಳೆಪರದೆ ಇದೆಯೇ, ಮನೆಯಲ್ಲಿ ನಾಯಿ ಬೆಕ್ಕು ಇವೆಯೇ ಎಂದು ಒಂದೊಂದೇ ಕೇಳಿದರು. ಆಮೇಲೆ ಅವನ ಔಷಧಿ ಪುಸ್ತಕ ಎಳೆದುಕೊಂಡರು. ಯಾವ ಮಾತ್ರೆ ಯಾವಾಗ ಕೊಟ್ಟೆವು ಎಂದು ಚೀಟಿ ಅಂಟಿಸುತ್ತಾರಲ್ಲ, ನಮ್ಮಲ್ಲಿ ಎಲ್ಲರ ಕೈಯಲ್ಲೂ ಇರುತ್ತದಲ್ಲ, ಅದೇ ಪುಸ್ತಕ. ಅದರ ಕೊನೆಯ ಹಾಳೆಯಲ್ಲಿ ಪೆನ್ಸಿಲಿನಿಂದ ಬರೆದರು: ನಾಯಿ ಕಚ್ಚಿದರೆ ಸೋಪಿನಲ್ಲಿ ಕಾಲು ಗಂಟೆ ತೊಳೆಯಬೇಕು, ಅಲ್ಲೇ ಅವತ್ತೇ ಆಸ್ಪತ್ರೆಗೆ ಹೋಗಬೇಕು, ಬಂದ ಕೂಡಲೇ ನನಗೆ ಹೇಳಬೇಕು.

“ಹೋಗೋದಕ್ಕೆ ಮುಂಚೆ ಚುಚ್ಚುಮದ್ದು ಹಾಕಿಸ್ಕೊಳ್ಳೋದು ಒಳ್ಳೇದು. ನಮ್ಮ ಕ್ಲಿನಿಕ್ಕಲ್ಲಿ ಅದು ಸಿಗಲ್ಲ. ನಾನು ಹಾಕೋ ಹಾಗಿಲ್ಲ. ಆಚೆ ದಡದ ಪಟ್ಟಣಕ್ಕೆ ಹೋಗ್ಬೇಕು, ಮೂರು ಸಲ.”

“ಒಂದು ಸಲ ಹೋಗ್ಬರೋಕೇ ಎರಡು ದಿನ. ನಮ್ಮ ಮಾಮೆಗೆ ಪಾರ್ಕಲ್ಲೇ ಚುಚ್ಚತಾರಲ್ರೀ! ನಾನೂ ಕೊರಳಿಗೆ ಬಿಲ್ಲೆ ಕಟ್ಕೊಂಡು ಅದರ ಹಿಂದೆ ಕ್ಯೂ ನಿಲ್ಲಲಾ?”

ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಬರೆದುಕೊಳ್ಳಿ, ಅಧಿಕಾರಿಗಳೇ. ಆ ದಿನ ನಾನು ನಕ್ಕೆ.

ಅಲ್ಲಿ ಅವನು ಎಂಜಿನ್ ಸರಿಮಾಡಿದ. ಹೊರಡುವ ಹಿಂದಿನ ದಿನ ನೆಸ್ಟೋರ್ ಮನೆಯ ಅಂಗಳದಲ್ಲಿ ಒಂದು ನಾಯಿಮರಿ ಬಲಗೈಯ ಹೆಬ್ಬೆರಳ ಬುಡಕ್ಕೆ ಹಲ್ಲು ಹಾಕಿತು. ಊರಿಗೆ ಬಂದ ಮೇಲೆ, ಒಂದು ಬುಧವಾರ, ಒಣಗಿಸಿದ ಮಾವಿನ ಹಣ್ಣಿನ ಪೊಟ್ಟಣ ಹಿಡಿದು ಔಷಧಿ ಅಂಗಡಿಗೆ ಹೋಗಿ ಇದನ್ನೇ ತಮಾಷೆಯ ಕಥೆಯಾಗಿ ಹೇಳಿದ. ಆಗಲೂ ನಾನು ಪಕ್ಕದಲ್ಲಿದ್ದೆ.

“ನೆಸ್ಟೋರ್ ಹೆಂಡ್ತಿ ಗೋಳಾಡಿಬಿಟ್ಳು ಕಣ್ರೀ. ನಲ್ಲಿ ಕೆಳಗೆ ಕೈ ಹಿಡಿದು ತಿಕ್ಕಿದ್ದೇ ತಿಕ್ಕಿದ್ದು, ಚರ್ಮ ಕಿತ್ತು ಬರೋ ಹಾಗೆ. ಬಾ, ನಾಯಿ ಕಚ್ಚಿದೋರ ಆಸ್ಪತ್ರೆ ಇಲ್ಲೇ ಇದೆ ಅಂತ ಎಳೆದ್ಳು. ನಾನು ಕೈಸನ್ನೆ ಮಾಡಿ ಹೇಳ್ದೆ, ನಮ್ಮೂರಲ್ಲಿ ನಾಯಿ ಕಚ್ಚಿದ್ರೆ ಉಗುಳು ಹಚ್ಕೊಂಡು ಕೆಲಸಕ್ಕೆ ಹೋಗ್ತೀವಿ ತಾಯಿ, ಅಂತ.”

ಉರಾಬೆ ಸಾನ್ ಅವನ ಕೈ ಎಳೆದು ಬೆಳಕಿಗೆ ಹಿಡಿದರು. “ಯಾವತ್ತು ಕಚ್ಚಿದ್ದು?”

“ಐದು ದಿನ ಆಯ್ತು. ಆಟಕ್ಕೆ ಕಚ್ಚಿದ್ದು, ಬಿಡಿ.”

“ಮರಿ ಈಗ ಹೇಗಿದೆ?”

“ಮರಿಗೇನಾಗತ್ತೆ? ಕಚ್ಚಿಸ್ಕೊಂಡೋನು ನಾನು.”

ಇದು ನಮ್ಮವರು ಮಾತ್ರ ಮಾಡುವ ತಪ್ಪು. ಆ ನಾಡಿನಲ್ಲಿ ಅಡುಗೆಮನೆಯ ಹೆಂಗಸಿಗೂ ಗೊತ್ತಿರುವುದು ಇಲ್ಲಿ ಎಪ್ಪತ್ತು ವರ್ಷ ದಾಟಿದವನಿಗೆ ಗೊತ್ತಿಲ್ಲ. ನಮ್ಮ ನಾಯಿಗಳನ್ನು ನೀವು ಅಷ್ಟು ಚೆನ್ನಾಗಿ ಕಾಪಾಡಿದ್ದೀರಿ, ನಾಯಿಗೆ ಹೆದರುವುದು ನಮಗೆ ಮರೆತೇಹೋಗಿದೆ. ಅದಕ್ಕೆ ನಿಮ್ಮನ್ನು ಹೊಗಳಲೇಬೇಕು. ಆದರೆ ಮರೆತವರನ್ನು ಎಚ್ಚರಿಸಿ ಅಲ್ಲೇ ಮದ್ದು ಕೊಡುವವರು ಬೇಕಲ್ಲವೇ? ಇದ್ದವರೊಬ್ಬರು ಆ ಬುಧವಾರ ಏನು ಮಾಡಿದರು ಹೇಳುತ್ತೇನೆ, ಕೇಳಿ. ಆಚೆ ದಡದ ಆಸ್ಪತ್ರೆಗೆ ಫೋನ್ ಮಾಡಿದರು. ಅಲ್ಲಿಂದ, ನೀವು ಡಾಕ್ಟರಾ ಎಂದು ಕೇಳಿದರು. ಫಾರ್ಮಸಿಸ್ಟ್ ಎಂದು ಇವರು ಹೇಳಿದರು. ಹಾಗಾದರೆ ಡಾಕ್ಟರ ಪತ್ರ ಕಳಿಸಿ ಎಂದು ಫೋನ್ ಇಟ್ಟರು. ನಮ್ಮ ಡಾಕ್ಟರು ಹಡಗಿನಲ್ಲಿ ಬರುವುದು ಮಂಗಳವಾರ ಮತ್ತು ಶುಕ್ರವಾರ. ಅವರು ಇನ್ನೊಂದು ದ್ವೀಪದಲ್ಲಿ ಹೆರಿಗೆ ಮಾಡಿಸುತ್ತಿದ್ದರು, ಫೋನಿಗೆ ಸಿಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ವಾಯವ್ಯದ ಗಾಳಿ ಎದ್ದು ಹಡಗು ನಿಂತಿತು. ಶುಕ್ರವಾರವೂ ಬರಲಿಲ್ಲ. ಫೆಬ್ರವರಿಯ ನಮ್ಮ ಕಡಲು ನಿಮಗೆ ಗೊತ್ತಿರಲಿಕ್ಕಿಲ್ಲ, ನಿಮ್ಮ ನಕ್ಷೆಯಲ್ಲಿ ಅದು ಎರಡು ಬೆರಳಿನಷ್ಟು ನೀಲಿ.

ಹಡಗಿಲ್ಲದ ಆ ಆರೂ ದಿನ ಉರಾಬೆ ಸಾನ್ ನಮ್ಮ ಮನೆಯಿಂದ ಮುನ್ನೂರು ಹೆಜ್ಜೆ ದೂರದಲ್ಲೇ ಇದ್ದರು. ರೊಕುರೊ ಅವರಿಂದ ಮುನ್ನೂರು ಹೆಜ್ಜೆ ದೂರದಲ್ಲೇ ಇದ್ದ. ನಡುವೆ ಇದ್ದದ್ದು ಕಡಲೋ ನೀವೋ, ನೀವೇ ಹೇಳಿ.

ಔಷಧಿ ಅಂಗಡಿಯವರಿಗೆ ಸೂಜಿಯ ಅಭ್ಯಾಸವಿಲ್ಲ, ಅಪಾಯ, ಎಂದು ಬರೆದಿದ್ದಿರಿ. ಕೊರೊನಾ ವರ್ಷ ನೆನಪಿಸಿಕೊಳ್ಳಿ. ನಮ್ಮ ಶಾಲೆಯ ಆಟದ ಮನೆಯಲ್ಲಿ ಇಡೀ ದ್ವೀಪಕ್ಕೆ ಲಸಿಕೆ ಹಾಕಿದರು. ಪುಟ್ಟ ಸೀಸೆಯಿಂದ ಒಂದು ಹನಿ ಚೆಲ್ಲದ ಹಾಗೆ ಮದ್ದು ಎಳೆದು, ಗುಳ್ಳೆ ತಟ್ಟಿ ಬಿಡಿಸಿ, ಆರುನೂರು ಪಿಚಕಾರಿ ತುಂಬಿಕೊಟ್ಟವರು ಉರಾಬೆ ಸಾನ್. ಯಾರಿಗೆ ಯಾವ ಮಾತ್ರೆ ನಡೆಯುತ್ತಿದೆ, ಯಾರಿಗೆ ಯಾವುದು ಒಗ್ಗುವುದಿಲ್ಲ ಎಂದು ಬಾಗಿಲಲ್ಲಿ ವಿಚಾರಿಸಿ ಒಳಗೆ ಬಿಟ್ಟವರೂ ಅವರೇ. ಆಮೇಲೆ ಆ ಪಿಚಕಾರಿಯನ್ನು ತೋಳಿಗೆ ಚುಚ್ಚಲು ಯಾರು ಬಂದರು? ಹಡಗಿನಲ್ಲಿ ಕರೆಸಿದ ಹಲ್ಲಿನ ಡಾಕ್ಟರು! ಒಳ್ಳೆಯ ಮನುಷ್ಯ, ಬೈಯುತ್ತಿಲ್ಲ. ನನ್ನ ತೋಳು ಹಿಡಿದು ಅಭ್ಯಾಸಬಲದಿಂದ ‘ಆ ಅನ್ನಿ’ ಎಂದರು. ಮದ್ದು ಗೊತ್ತಿದ್ದವರು ಒಂದು ಮೊಳ ದೂರದಲ್ಲಿ ಕೈಕಟ್ಟಿ ನಿಂತಿದ್ದರು. ಆ ಒಂದು ಮೊಳವನ್ನು ದಾಟಿಸಲು ನಿಮಗೆ ಇನ್ನೆಷ್ಟು ಕೋನಗಳು ಬೇಕು? ಬೇರೆ ಎಷ್ಟೋ ದೇಶಗಳಲ್ಲಿ ಔಷಧಿ ಅಂಗಡಿಯಲ್ಲೇ ಲಸಿಕೆ ಹಾಕುತ್ತಾರಂತೆ. ಅಲ್ಲಿಯವರ ತೋಳು ಬೇರೆ ಮಾಂಸದ್ದೇ?

ಈಗ ನನ್ನ ಪಾಲು ಹೇಳುತ್ತೇನೆ. ತಪ್ಪಿತಸ್ಥರ ಪಟ್ಟಿ ಮಾಡುವುದಿದ್ದರೆ ನಿಮಗಿಂತ ಮೊದಲು ನನ್ನ ಹೆಸರು ಬರೆಯಿರಿ.

ಮಂಗಳವಾರ ಗಾಳಿ ಇಳಿಯಿತು, ಹಡಗು ಬಂತು. ಆದರೆ ಅವತ್ತೇ ವಕಾಮೆ ಕೊಯ್ಲು ಶುರುವಾಯಿತು. ಕಡಲಿಂದ ಎಳೆದು ತಂದ ಪಾಚಿಯನ್ನು ಹಂಡೆಯ ಕುದಿನೀರಿಗೆ ಅದ್ದಿ, ತಣಿಸಿ, ಉಪ್ಪು ಹಾಕಿ, ದಂಟು ಸೀಳಬೇಕು. ಒಂದು ದಿನ ತಡವಾದರೆ ಎಲೆ ಒರಟಾಗುತ್ತದೆ. ಹಂಡೆಯ ಬಳಿ ರೊಕುರೊ ಇಲ್ಲದೆ ನನಗೆ ನಡೆಯದು. “ಗಾಯ ಒಣಗಿದೆಯಲ್ಲೋ, ಎರಡು ವಾರ ಕಳೀಲಿ, ಆಮೇಲೆ ಹೋಗುವಿಯಂತೆ. ಮರಿ ಕಚ್ಚಿದ್ದಕ್ಕೆ ಊರೆಲ್ಲ ಡಂಗುರ ಹೊಡೀತೀಯಾ?” ಎಂದವಳು ನಾನು. ಅವನಿಗೂ ಅದೇ ಬೇಕಿತ್ತು. ಇನ್ನೊಬ್ಬರಿಗೆ ತೊಂದರೆ ಕೊಡುವುದೆಂದರೆ ಸಾಯುವಷ್ಟು ನಾಚಿಕೆ ಅವನಿಗೆ.

ಉರಾಬೆ ಸಾನ್ ಅಂಗಡಿಗೆ ಬೀಗ ಹಾಕಿ, ಬಿಳಿ ಕೋಟಿನಲ್ಲೇ, ದಡದ ಮೇಲಿನ ನಮ್ಮ ಷೆಡ್ಡಿಗೆ ಬಂದರು. ಒಂದು ಸಲವಲ್ಲ, ಎರಡು ಸಲ. ಎರಡನೆಯ ಸಲ ಅವರು ಕಟ್ಟೆಯ ಮೇಲೆ ಬರುತ್ತಿರುವುದನ್ನು ಕಂಡು ರೊಕುರೊ ಹಂಡೆಯ ಹಿಂದೆ ಕುಕ್ಕರಿಸಿದ. “ಅಕ್ಕ, ನಾನಿಲ್ಲ ಅನ್ನು. ಮತ್ತೆ ಬೈತಾರೆ.”

“ಅಜ್ಜಿ, ರೊಕುರೊ ಸಾನ್ ಇದ್ದಾರಾ?”

“ಇಲ್ಲಮ್ಮ. ದೋಣಿ ಜೊತೆ ಹೋದ.”

ಉರಾಬೆ ಸಾನ್ ಒಮ್ಮೆ ಹಂಡೆಯ ಕಡೆ ನೋಡಿದರು. “ಬಂದ್ರೆ ಹೇಳಿ. ಇನ್ನೂ ಹೊತ್ತು ಮೀರಿಲ್ಲ” ಎಂದು ಹೋದರು. ಹಂಡೆಯ ಹಿಂದಿನಿಂದ ಎದ್ದು ಬಂದವನು ಶಾಲೆ ತಪ್ಪಿಸಿದ ಹುಡುಗನ ಹಾಗೆ ನಕ್ಕ. ನಾನೂ ನಕ್ಕೆ.

ಏಪ್ರಿಲ್ ಮೊದಲ ವಾರ ಕೈ ಜುಮ್ಮೆನ್ನುತ್ತದೆ ಎಂದ. ನನ್ನ ಮಂಡಿಯ ಪಟ್ಟಿಯನ್ನೇ ಅಂಟಿಸಿದೆ. ಎರಡು ದಿನಕ್ಕೆ ಜ್ವರ ಬಂತು. ಮೂರನೆಯ ಬೆಳಗ್ಗೆ ಚಹಾ ಕೊಟ್ಟೆ. ಬಟ್ಟಲನ್ನು ಬಾಯಿಯವರೆಗೆ ತಂದವನು ಹಾವು ಕಂಡವನಂತೆ ಎಸೆದ. ಬಟ್ಟಲು ಒಡೆಯಿತು, ಅಮ್ಮನ ಕಾಲದ್ದು. “ಎಪ್ಪತ್ತೆರಡು ವರ್ಷ ಆಯ್ತು, ಚಹಾ ಕುಡಿಯಕ್ಕೆ ಬರಲ್ವೇನೋ ಮುದಿಯಾ!” ಎಂದು ಕೂಗಾಡಿದೆ. “ಗಂಟಲಿಗೆ ಇಳೀತಿಲ್ಲಕ್ಕ, ಬಾಯಾರಿಕೆ ಆಗ್ತಿದೆ, ಇಳೀತಿಲ್ಲ” ಎಂದ. ಬಾಗಿಲು ತೆರೆದರೆ ಒಳಬರುವ ಗಾಳಿಗೂ ಬೆಚ್ಚಿಬೀಳುತ್ತಿದ್ದ. ಬೆನ್ನಿಗೆ ಕಟ್ಟಿಕೊಂಡು ಬೆಳೆಸಿದ ಕೂಸು ಬಾಯಾರಿ ಒದ್ದಾಡುವಾಗ ನಾನು ಬಟ್ಟಲಿಗಾಗಿ ಬೈದೆ. ಈ ವಾಕ್ಯವನ್ನು ನಿಮ್ಮ ಕಡತದಲ್ಲಿ ಯಾವ ಕೋನದಲ್ಲಿ ಇಡುತ್ತೀರೋ ಇಡಿ.

ಹೆಲಿಕಾಪ್ಟರಿನಲ್ಲಿ ಒಯ್ದರು. ದೊಡ್ಡಾಸ್ಪತ್ರೆಯಲ್ಲಿ ಇದು ಮಿದುಳಿನ ಜ್ವರವೋ ಮನಸ್ಸಿನ ಕಾಯಿಲೆಯೋ ಎಂದು ಅರ್ಧ ದಿನ ಚರ್ಚೆ ನಡೆಯಿತು. ಆ ರೋಗವನ್ನು ಕಣ್ಣಾರೆ ಕಂಡ ಡಾಕ್ಟರು ಅಲ್ಲಿ ಒಬ್ಬರೂ ಇರಲಿಲ್ಲ, ಅದು ಅವರ ತಪ್ಪಲ್ಲ. ಕೊನೆಗೆ ಒಬ್ಬ ಯುವ ಡಾಕ್ಟರು ಔಷಧಿ ಪುಸ್ತಕ ಕೇಳಿದರು. ಕೊನೆಯ ಹಾಳೆಯಲ್ಲಿ, ಹೊರಡುವ ಮೊದಲು ಬರೆದದ್ದರ ಕೆಳಗೆ, ಪೆನ್ಸಿಲಿನಲ್ಲಿ ಇನ್ನೂ ನಾಲ್ಕು ಸಾಲುಗಳಿದ್ದವು: ‘ಬಲಗೈ, ನಾಯಿಮರಿ, ಕಚ್ಚಿ ಐದು ದಿನ. ಇಂದೇ ಹೋಗಬೇಕೆಂದು ಹೇಳಿದೆ. ಹಡಗಿಲ್ಲ. ಮತ್ತೆ ಹೇಳಿದೆ.’ ಅದನ್ನು ಓದಿದ ಆ ಡಾಕ್ಟರು ಕುರ್ಚಿಯ ಮೇಲೆ ಕುಳಿತುಬಿಟ್ಟರು. ಅಷ್ಟು ದೊಡ್ಡ ಆಸ್ಪತ್ರೆಗೆ ರೋಗದ ಹೆಸರು ಹೇಳಿದ್ದು, ಸೂಜಿ ಹಿಡಿಯಲು ಯೋಗ್ಯರಲ್ಲ ಎಂದು ನೀವು ತೀರ್ಮಾನಿಸಿದವರ ಪೆನ್ಸಿಲು.

ಆದರೆ ರೋಗ ತಲೆ ಎತ್ತಿದ ಮೇಲೆ ಅದಕ್ಕೆ ಮದ್ದಿಲ್ಲ. ಕೊನೆಯ ದಿನ ಒಂದಿಷ್ಟು ಹೊತ್ತು ಅವನಿಗೆ ತಿಳಿವಿತ್ತು. ನನ್ನ ತೋಳು ಹಿಡಿದು, “ಅಕ್ಕ, ಉರಾಬೆ ಸಾನ್‌ಗೆ ಹೇಳು. ಅವತ್ತು ನಾನು ಷೆಡ್ಡಲ್ಲೇ ಇದ್ದೆ ಅಂತ” ಎಂದ.

ಹನ್ನೆರಡು ದಿನ ಹೇಳಲಾಗಲಿಲ್ಲ. ಕಾರ್ಡಿನಲ್ಲಿದ್ದ ದಿನ ಮಾಮೆಯ ಹಗ್ಗ ಹಿಡಿದು ಪಾರ್ಕಿಗೆ ಹೋದೆ. ಪಶುವೈದ್ಯರು ಒಂದು ಮಡಚುವ ಮೇಜು, ಒಂದು ಐಸ್ ಪೆಟ್ಟಿಗೆ ಇಟ್ಟುಕೊಂಡಿದ್ದರು. ಮಂಜಿಲ್ಲದ ಬೆಳಗು, ನಾಯಿಗಳ ಸಾಲು, ಎಲ್ಲರೂ ಹರಟುತ್ತಿದ್ದರು. ಮಾಮೆ ಹಿಂದೆ ತಿರುಗಿ ತಿರುಗಿ ನೋಡುತ್ತಿತ್ತು, ಹಗ್ಗ ಹಿಡಿಯುವವನು ಬರುತ್ತಾನೆಂದು. ಅದರ ಸರದಿ ಬಂತು. ಚರ್ಮ ಎತ್ತಿದರು, ಚುಚ್ಚಿದರು, ಕೊರಳಿಗೆ ಹೊಸ ಬಿಲ್ಲೆ ಹಾಕಿದರು. ಅರ್ಧ ನಿಮಿಷ ಆಯಿತೋ ಇಲ್ಲವೋ.

ಪಾರ್ಕಿನ ಎದುರಿಗೇ ಔಷಧಿ ಅಂಗಡಿ. ಉರಾಬೆ ಸಾನ್ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ರಸ್ತೆ ದಾಟಿ ಹೋಗಿ ತಲೆ ಬಗ್ಗಿಸಿ ಹೇಳಿದೆ: “ಅವತ್ತು ಅವನು ಷೆಡ್ಡಲ್ಲೇ ಇದ್ದನಮ್ಮ. ನಾನು ಸುಳ್ಳು ಹೇಳಿದೆ.”

“ಗೊತ್ತಿತ್ತು ಅಜ್ಜಿ” ಎಂದರು ಅವರು. “ಹಂಡೆ ಹಿಂದೆ ಬೂಟು ಕಾಣ್ತಿತ್ತು.”

“ಗೊತ್ತಿದ್ದೂ ಯಾಕೆ ಹೋದ್ರಿ? ಕೊರಳಪಟ್ಟಿ ಹಿಡಿದು ಎಳೀಬಾರದಿತ್ತಾ?”

“ಎಳೆದು ಏನು ಮಾಡ್ಲಿ? ಬ್ಯಾಗಲ್ಲಿ ಮದ್ದಿದ್ದಿದ್ರೆ ಹಂಡೆ ಹಾರಿ ಬರ್ತಿದ್ದೆ. ಬೇಡ ಬೇಡ ಅಂತಿದ್ರೂ ನಗಿಸಿ, ಬೈದು, ಹಾಕೇ ಬಿಡ್ತಿದ್ದೆ. ಬರೀ ಮಾತು ಹಿಡ್ಕೊಂಡು ಬಂದಿದ್ದೆ ಅಜ್ಜಿ. ಎರಡು ಸಲ ಹೇಳಿದ್ದೇ ಮಾತು. ಮೂರನೇ ಸಲಕ್ಕೆ ನನ್ನ ಹತ್ರ ಏನೂ ಇರಲಿಲ್ಲ.”

ಅವರು ಬಗ್ಗಿ ಮಾಮೆಯ ಬಿಲ್ಲೆ ನೇರ ಮಾಡಿದರು. ಆಮೇಲೆ ಒಳಗೆ ಹೋಗಿ ಬಹಳ ಹೊತ್ತು ಹೊರಗೆ ಬರಲಿಲ್ಲ.

ಮಾನ್ಯರೇ, ಕೇಳುವುದು ಇಷ್ಟು. ಹೊರನಾಡಿಗೆ ಹೊರಟವರಿಗೂ ಅಲ್ಲಿಂದ ಬಂದವರಿಗೂ ಲಸಿಕೆ ಹಾಕಲು, ನೇರವಾಗಿ ದೊಡ್ಡಾಸ್ಪತ್ರೆಗೆ ಪತ್ರ ಬರೆಯಲು, ಔಷಧಿ ಅಂಗಡಿಯವರಿಗೆ ಅಪ್ಪಣೆ ಕೊಡಿ. ತರಬೇತಿ ಬೇಕಿದ್ದರೆ ಕೊಡಿ, ಪರೀಕ್ಷೆ ಬೇಕಿದ್ದರೆ ಮಾಡಿ, ಉರಾಬೆ ಸಾನ್ ಪಾಸಾಗುತ್ತಾರೆ. ಡಾಕ್ಟರು ದಿನವೂ ಇರುವ ಊರಿನವರಿಗೆ ಇದು ಬೇಡವಾಗಿರಬಹುದು, ವಾರಕ್ಕೆರಡು ದಿನ ಹಡಗಿನಲ್ಲಿ ಬರುವ ಊರಿಗೆ ಮೊದಲು ಕೊಡಿ. ಈ ಜೂನ್‌ನಲ್ಲಿ ನಮ್ಮ ಮೀನುಗಾರರ ಸಂಘದಿಂದ ಏಳು ಜನ ನೆಸ್ಟೋರ್ ಊರಿಗೆ ಹೊರಟಿದ್ದಾರೆ, ಬಲೆ ಹೆಣೆಯುವುದನ್ನು ಕಲಿಸಲು. ಅವರಲ್ಲಿ ಯಾರೂ ನಾಯಿಗೆ ಹೆದರುವವರಲ್ಲ. ಅವರು ಹೊರಡುವ ಮೊದಲು ಉತ್ತರ ಬೇಕು. ನಯವಾದದ್ದು ಬೇಡ.

ಈ ವರ್ಷದ ಕಾರ್ಡು ನಿನ್ನೆ ಬಂತು. ಮಾಲೀಕರ ಜಾಗದಲ್ಲಿ ಇನ್ನೂ ರೊಕುರೊನ ಹೆಸರೇ ಇದೆ. ತಿದ್ದಿಸಬೇಡಿ, ಅದು ಹಾಗೇ ಬರುತ್ತಿರಲಿ. ನಾಯಿಯನ್ನು ನಾನು ಕರೆದೊಯ್ಯುತ್ತೇನೆ.

ಇಂತಿ,
ತಮ್ಮ ಇಲ್ಲ ಎಂದು ಹೇಳಿದ ಅಕ್ಕ,
ಈಗ ಹೇಳಿದಂತೆಯೇ ಆಗಿದೆ,
ಫುಸಾಯೊ